ಮನೆಗೊಂದು ಜೋಡು

ಚಪ್ಪಲಿ ಒಪ್ಪಿಸುವ ಕೊನೆಯ ದಿನ ನಮ್ಮ ಓಣಿಯ ಬಾಯಿಂದ ಪುರಸಭೆಯ ಮೆಟ್ಟಿಲವರೆಗೆ ಸಾಲು ನಿಂತಿತ್ತು. ಒಬ್ಬೊಬ್ಬರ ಕಂಕುಳಲ್ಲೂ ಒಂದೊಂದು ಗಂಟು. ಒಣಕೆಮ್ಮಿನ ಜಡ್ಡು ಊರಿಗೆ ಬಂದು ಆಗ ಒಂದೂವರೆ ತಿಂಗಳಾಗಿತ್ತು. ಸರಕಾರದವರು ಮೊದಲು ಸಂತೆ ನಿಲ್ಲಿಸಿದರು, ಆಮೇಲೆ ಮದುವೆ ನಿಲ್ಲಿಸಿದರು, ಹೆಣದ ಹಿಂದೆ ನಾಲ್ಕು ಜನಕ್ಕಿಂತ ಹೆಚ್ಚು ಹೋಗಬಾರದೆಂದರು. ಅಷ್ಟಾದರೂ ಜನ ಏನೋ ಒಂದು ನೆವ ಹೇಳಿ ಬೀದಿಗೆ ಬರುತ್ತಲೇ ಇದ್ದರು. ಕೊನೆಗೆ ಈ ಆಜ್ಞೆ ಬಂತು. ಊರಿನ ಪ್ರತಿಯೊಬ್ಬರೂ ತಮ್ಮ ಪಾದರಕ್ಷೆಗಳನ್ನೆಲ್ಲ ಪುರಸಭೆಯ ಉಗ್ರಾಣಕ್ಕೆ ಒಪ್ಪಿಸತಕ್ಕದ್ದು. ಮನೆಗೊಂದು ಜೊತೆ ಹಳದಿ ಚಪ್ಪಲಿಯನ್ನು ಸರಕಾರವೇ ಕೊಡುವುದು. ಅದನ್ನು ಮೆಟ್ಟಿದವರು ಮಾತ್ರ, ಗಿರಣಿಯ ಹತ್ತು ಗಂಟೆಯ ಭೋಂಗಾದಿಂದ ಹನ್ನೆರಡರ ಭೋಂಗಾದವರೆಗೆ, ಹೊರಗೆ ಬರಬಹುದು. ಬರಿಗಾಲಲ್ಲಿ ಸಿಕ್ಕವರನ್ನು ಹದಿನಾಲ್ಕು ದಿನ ಶಾಲೆಯಲ್ಲಿ ಇಡಲಾಗುವುದು. ಆ ಆಜ್ಞೆ ನನಗೆ ಬಾಯಿಪಾಠ. ಅದು ಅಚ್ಚಾದದ್ದು ನಾನು ಕೆಲಸ ಮಾಡುತ್ತಿದ್ದ ಛಾಪಖಾನೆಯಲ್ಲಿ. ಅದರ ಮೊಳೆ ಜೋಡಿಸಿದವಳೂ ನಾನೇ. ಜೋಡಿಸುವಾಗ ತಪ್ಪಿಲ್ಲದೆ ಜೋಡಿಸಿದೆನೇ ಹೊರತು, ನಾಳೆಯಿಂದ ಛಾಪಖಾನೆಗೆ ನಾನೇ ಬರಲಾರೆ ಎಂಬುದು ಹೊಳೆಯಲಿಲ್ಲ.

ಹಳದಿ ಚಪ್ಪಲಿಗಳು ಗೋಣಿಚೀಲಗಳಲ್ಲಿ ಬಂದಿದ್ದವು. ಅಳತೆ ಕೇಳಿ ಕೊಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ. ಕೈಗೆ ಸಿಕ್ಕದ್ದನ್ನು ಎತ್ತಿ ಕೊಟ್ಟರು. ಮೊದಲ ವಾರ ಜನ ಒಬ್ಬರ ಜೋಡನ್ನು ಇನ್ನೊಬ್ಬರು ಮೆಟ್ಟಿಕೊಂಡು ತಿರುಗಾಡಿದ್ದರಿಂದ ಪೇಟೆಯ ಚೌಕದಲ್ಲಿ ಕಾವಲಿನವರು ಉದ್ದ ಕೋಲು ಹಿಡಿದು ಅಳೆಯತೊಡಗಿದರು. ಹಿಮ್ಮಡಿ ಹೊರಗೆ ಚಾಚಿದ್ದರೆ ಶಾಲೆಗೆ ಕಳಿಸುತ್ತಿದ್ದರು. ಹೀಗಾಗಿ ಯಾರ ಕಾಲಿಗೆ ಜೋಡು ಕೂತಿತೋ ಅವರೇ ಆ ಮನೆಯ ಹೊರಗಿನ ಮನುಷ್ಯರಾದರು. ಎದುರುಮನೆಯ ಹೊಗೆಸೊಪ್ಪಿನ ವ್ಯಾಪಾರಿಯ ಮನೆಯಲ್ಲಿ ಅದು ಕೂತದ್ದು ಹತ್ತು ವರ್ಷದ ಮೊಮ್ಮಗಳ ಕಾಲಿಗೆ. ಆ ಹುಡುಗಿ ಎರಡು ಜಡೆ ಹಾಕಿಸಿಕೊಂಡು ಹೋಗಿ ಅಜ್ಜನ ದಲಾಲರ ಜೊತೆ ಮಾತಾಡಿ ಬರುತ್ತಿದ್ದಳು. ವಕೀಲರ ಮನೆಯಲ್ಲಿ ಅಡಿಗೆಯವನಿಗೆ ಕೂತಿತು. ಅವನು ತಿರುಗಿ ಬರುವವರೆಗೆ ವಕೀಲರು ಬಾಗಿಲಲ್ಲೇ ನಿಂತಿದ್ದು, ಬಂದೊಡನೆ ತಾವೇ ಚಹ ಮಾಡಿ ಕೊಡುತ್ತಿದ್ದರಂತೆ. ಒಂದು ತಿಂಗಳೊಳಗೆ ಊರಿಗೆ ಇದೆಲ್ಲ ರೂಢಿಯಾಯಿತು. ಹೆಣ್ಣು ಕೊಡುವವರು ಜಾತಕದ ಜೊತೆ ಪಾದದ ಅಳತೆಯನ್ನೂ ಕೇಳುತ್ತಿದ್ದಾರೆ ಎಂಬ ಸುದ್ದಿಯೂ ಬಂತು.

ನಮ್ಮ ಮನೆಯಲ್ಲಿ ನಾಲ್ಕು ಜನ. ಅವ್ವ, ಅಣ್ಣ ಗುರಸಿದ್ಧ, ಅವನ ಹೆಂಡತಿ ಸಾವಂತ್ರಿ ವೈನಿ, ಮತ್ತು ಗಂಡನ ಮನೆ ಬಿಟ್ಟು ಬಂದು ಹನ್ನೊಂದು ವರ್ಷವಾಗಿದ್ದ ನಾನು. ಅಣ್ಣ ಸಂತೆಪೇಟೆಯ ದೊಡ್ಡ ತಕ್ಕಡಿಯ ಗುಮಾಸ್ತ. ಅವನೇ ಮೊದಲು ಜೋಡು ಮೆಟ್ಟಿ ನೋಡಿದ. ಅರ್ಧ ಪಾದ ಹೊರಗುಳಿಯಿತು. ನನ್ನವೂ ಅಪ್ಪನ ಕಾಲು, ಉದ್ದ. ಅವ್ವನ ಪಾದಗಳು ಬಾತುಕೊಂಡು ಉಂಗುಷ್ಟವೂ ಒಳಗೆ ಹೋಗಲಿಲ್ಲ. ವೈನಿ ಒಲೆಯ ಮುಂದೆ ಇದ್ದಳು. ಅವಳನ್ನು ಕರೆದದ್ದು ಎಲ್ಲರಿಗಿಂತ ಕೊನೆಗೆ. ಹಿಟ್ಟಿನ ಕೈ ಮೇಲೆತ್ತಿ ಹಿಡಿದುಕೊಂಡೇ ಬಂದು ಕಾಲಿಟ್ಟಳು. ಹೇಳಿ ಮಾಡಿಸಿದಂತೆ ಕೂತಿತು. ಅಣ್ಣ ಅವಳ ಪಾದಗಳನ್ನೇ ಸ್ವಲ್ಪ ಹೊತ್ತು ನೋಡಿದ. ಈಕೆ ಹೋಗಿ ಏನು ತಂದಾಳು ಎಂದು ಅವ್ವ ಹಣೆ ಮುಟ್ಟಿಕೊಂಡಳು.

ವೈನಿ ಗುಡ್ಡದಾಚೆಯ ಹತ್ತು ಮನೆಗಳ ಹಳ್ಳಿಯವಳು. ನಮ್ಮ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷದಲ್ಲಿ ಅವಳು ಹೊರಗೆ ಹೋದದ್ದೆಂದರೆ ಸೋಮವಾರ ಅವ್ವನ ಬೆನ್ನಿಗೆ ಗುಡಿಗೆ, ಹಬ್ಬದ ಬಟ್ಟೆ ತರುವಾಗ ಅಣ್ಣನ ಬೆನ್ನಿಗೆ. ಯಾರೂ ಅವಳನ್ನು ತಡೆದಿರಲಿಲ್ಲ. ಕಾಯಿಪಲ್ಲೆ ಅಣ್ಣ ತರುತ್ತಿದ್ದ, ಉಳಿದದ್ದು ನಾನು. ಅವಳಿಗೆ ಹೊರಗೆ ಕೆಲಸವೇ ಬೀಳುತ್ತಿರಲಿಲ್ಲ. ಒಳಗೆ ಕೆಲಸ ಬೀಳದ ಹೊತ್ತೂ ಇರಲಿಲ್ಲ. ಹಾಗಾಗಿ ಮೊದಲ ದಿನ ನಾನು ಒಂದು ಹಾಳೆಯ ಮೇಲೆ ದಾರಿ ಬರೆದುಕೊಟ್ಟೆ. ಗಾಣದ ಓಣಿ, ಸುಣ್ಣದ ಓಣಿ, ಕಿರಾಣಿ ಸಾಲು, ದವಾಖಾನೆ, ಎಲ್ಲ ಹೆಸರುಗಳನ್ನೂ ಅಚ್ಚಿನ ಅಕ್ಷರದಷ್ಟು ಸ್ಫುಟವಾಗಿ ಬರೆದು, ಹಿಂದೆ ಸಾಮಾನಿನ ಪಟ್ಟಿ ಬರೆದಿದ್ದೆ. ಅವಳು ಹಾಳೆಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದಳು.

ಹನ್ನೆರಡರ ಭೋಂಗಾ ಇನ್ನೂ ಕೂಗುತ್ತಿರುವಾಗ ಏದುಸಿರು ಬಿಡುತ್ತ ಬಂದಳು. ತೊಗರಿಬೇಳೆಯ ಬದಲು ಕಡಲೆಬೇಳೆ ತಂದಿದ್ದಳು. ಅವ್ವನ ದಮ್ಮಿನ ಗುಳಿಗೆ ತಂದಿರಲೇ ಇಲ್ಲ. ದವಾಖಾನೆ ಸಿಗಲಿಲ್ಲ ಎಂದಳು. ಅಣ್ಣ ಕೂಗಾಡಿದ. ಎಲ್ಲ ಬರೆದೇ ಕೊಟ್ಟಿದ್ದೆನಲ್ಲ ಎಂದು ನಾನೂ ಒಂದು ಮಾತು ಸೇರಿಸಿದೆ. ಅವಳು ನೆಲ ನೋಡುತ್ತ ನಿಂತಿದ್ದಳು. ಸಂಜೆ ಒಲೆಯ ಮುಂದೆ ನಾವಿಬ್ಬರೇ ಇದ್ದಾಗ, ಬೆಂಕಿ ಸರಿಮಾಡುತ್ತ, ನನ್ನ ಕಡೆ ತಿರುಗದೆ ಹೇಳಿದಳು: “ಇಂದೂ, ನನಗ ಓದಾಕ ಬರೂದಿಲ್ಲ.”

ಒಂಬತ್ತು ವರ್ಷ ಅವಳ ಕೈಯ ರೊಟ್ಟಿ ತಿಂದಿದ್ದೆ. ದಿನಕ್ಕೆ ಸಾವಿರಾರು ಅಕ್ಷರ ಮುಟ್ಟುವ ನನಗೆ ಇದೊಂದು ಗೊತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದ್ದಾಳೆ ಎಂದಿದ್ದರು, ನಾವು ನಂಬಿದ್ದೆವು, ಆಮೇಲೆ ಆ ಮಾತು ಎತ್ತುವ ಪ್ರಸಂಗವೇ ಬಂದಿರಲಿಲ್ಲ. ಮರುದಿನದಿಂದ ನಾನು ದಾರಿಯನ್ನು ಬಾಯಲ್ಲೇ ಹೇಳಿದೆ. ಎಲ್ಲಿ ಮುರುಕು ಗೋಡೆ, ಎಲ್ಲಿ ಎರಡು ಕವಲಿನ ಬೇವಿನ ಮರ, ಎಲ್ಲಿ ಹಿಟ್ಟಿನ ಗಿರಣಿಯ ಸದ್ದು. ಅವಳಿಗೆ ಒಮ್ಮೆ ಹೇಳಿದರೆ ಸಾಕು. ಸಾಮಾನಿನ ಪಟ್ಟಿ ಇಪ್ಪತ್ತು ಬಗೆಯದಿದ್ದರೂ ಒಂದೂ ಬಿಡದೆ ತರುತ್ತಿದ್ದಳು.

ಒಳಗೆ ಉಳಿದ ನಮ್ಮ ಸ್ಥಿತಿ ಬೇರೆಯೇ ಆಗಿತ್ತು. ಅಣ್ಣ ಮುಂಬಾಗಿಲಿಂದ ಹಿತ್ತಲ ಬಾಗಿಲಿಗೆ, ಅಲ್ಲಿಂದ ಮತ್ತೆ ಮುಂಬಾಗಿಲಿಗೆ ನಡೆಯುತ್ತಿದ್ದ. ಒಮ್ಮೆ ಕೂತರೆ ಮೊಣಕಾಲು ಅಲ್ಲಾಡಿಸುತ್ತಿದ್ದ. ಅವ್ವ ನಿಲ್ಲಿಸು ಎಂದರೆ ಎದ್ದು ಮತ್ತೆ ನಡೆಯುತ್ತಿದ್ದ. ನನ್ನ ಬೆರಳುಗಳು ಸುಮ್ಮನಿರುತ್ತಿರಲಿಲ್ಲ. ಅಕ್ಕಿ ಆರಿಸುವಾಗ ಕಲ್ಲುಗಳನ್ನು ಸಾಲಾಗಿ ಜೋಡಿಸುತ್ತಿದ್ದೆ, ಸಾಲು ಸೊಟ್ಟಗಾದರೆ ಕೆಡಿಸಿ ಮತ್ತೆ ಜೋಡಿಸುತ್ತಿದ್ದೆ. ಹನ್ನೊಂದು ವರ್ಷ ಹೇಳಕೇಳುವವರಿಲ್ಲದೆ ಈ ಊರನ್ನು ಅಡ್ಡಾಡಿದವಳು ನಾನು, ಈಗ ಕಿಟಕಿಯ ಸರಳು ಹಿಡಿದುಕೊಂಡು ನಿಲ್ಲುತ್ತಿದ್ದೆ. ಒಂದು ದಿನ ವೈನಿ ಸ್ನಾನಕ್ಕೆ ಹೋದಾಗ ಆ ಜೋಡನ್ನು ಮತ್ತೆ ಮೆಟ್ಟಿ ನೋಡಿದೆ, ಬೆರಳು ಮುದುಡಿಸಿ, ಉಸಿರು ಹಿಡಿದು. ಹಿಮ್ಮಡಿ ಎರಡು ಬೆರಳಷ್ಟು ಹೊರಗೇ ಉಳಿಯಿತು. ಅವಳ ಮೇಲೆ ಹೊಟ್ಟೆಕಿಚ್ಚು ಬಂದದ್ದು ಸುಳ್ಳಲ್ಲ.

ಅವಳು ಬಂದೊಡನೆ ಮೂವರೂ ಸುತ್ತ ಕೂತು ಹೊರಗಿನ ಸುದ್ದಿ ಕೇಳುತ್ತಿದ್ದೆವು. ಮೊದಮೊದಲು ಅಂಗಡಿ ತೆರೆದಿದ್ದಾರೆ, ಮಂದಿ ಕಡಿಮೆ, ಇಷ್ಟೇ ಹೇಳುತ್ತಿದ್ದಳು. ಬರಬರುತ್ತ ಅವಳ ಮಾತು ಬಿಚ್ಚಿಕೊಂಡಿತು. ಬೆಲ್ಲದಂಗಡಿಯವನು ಮಾತಾಡಲು ಜನರಿಲ್ಲದೆ ಇರುವೆಗಳನ್ನು ಬೈಯುತ್ತ ಕೂಡುತ್ತಾನೆ ಎಂದಳು. ಚೌಕದ ಕಾವಲಿನವ ಮುಖವನ್ನೇ ನೋಡುವುದಿಲ್ಲ, ಬರೀ ಪಾದ ನೋಡಿ ನೋಡಿ ಈಗ ಪಾದ ಕಂಡರೆ ಇಂಥ ಮನೆಯವರು ಎಂದು ಹೇಳುತ್ತಾನೆ ಎಂದಳು. ಅವ್ವ ಬಾಯಿಗೆ ಸೆರಗು ಹಚ್ಚಿ ನಕ್ಕಳು. ಅಣ್ಣ ಮಾತ್ರ ನಗಲಿಲ್ಲ. ಎರಡು ತಿಂಗಳ ಹಿಂದೆ ಕಿರಾಣಿ ಸಾಲು ಎತ್ತ ಇದೆಯೆಂದು ತಿಳಿಯದಿದ್ದ ಹೆಂಡತಿ ತಾನು ನೋಡಿಲ್ಲದ ಊರೊಂದನ್ನು ತನಗೆ ಹೇಳುತ್ತಿದ್ದಾಳೆ ಎಂಬುದು ಅವನಿಗೆ ಸಹನೆಯಾಗುತ್ತಿರಲಿಲ್ಲ.

ಆಮೇಲೆ ಅವನು ಹೊತ್ತು ಲೆಕ್ಕ ಹಾಕತೊಡಗಿದ. ಪೇಟೆಗೆ ಹೋಗಲು ಕಾಲು ತಾಸು, ಬರಲು ಕಾಲು ತಾಸು, ಅಂಗಡಿ ಸಾಲುಗಳಲ್ಲಿ ಹೆಚ್ಚೆಂದರೆ ಒಂದು ತಾಸು. ಮೊದಲೆಲ್ಲ ಹನ್ನೊಂದೂವರೆಗೆ ಬರುತ್ತಿದ್ದ ವೈನಿ ಈಗ ಭೋಂಗಾ ಕೂಗುವಾಗಲೇ ಬರುತ್ತಿದ್ದಳು. ಉಳಿದ ಅರ್ಧ ತಾಸು ಎಲ್ಲಿ ಹೋಯಿತು? ಕೇಳು ಎಂದು ನನಗೆ ಹೇಳಿದ. ಕೇಳಿದೆ. ಎಲ್ಲೂ ಇಲ್ಲ ಎಂದಳು. ಅವಳಿಗೆ ಸುಳ್ಳು ಹೇಳಿ ಗೊತ್ತಿಲ್ಲ, ಆದರೆ ಅದು ನಿಜದ ಉತ್ತರವೂ ಆಗಿರಲಿಲ್ಲ. ಅಣ್ಣ ತಾನೇ ಕೇಳಿದಾಗಲೂ ಅದೇ ಮಾತು. ಮರುದಿನ ಬೆಳಿಗ್ಗೆ ಅವನು ಅಂಗಿ ತೊಟ್ಟು, ಧೋತರದ ಅಂಚನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು, ಇವತ್ತು ತಾನು ಹೋಗುತ್ತೇನೆ ಎಂದ. ಹಿಮ್ಮಡಿ ಕಾಣಿಸುತ್ತದೆ, ಹೋಗಬೇಡ ಎಂದು ಅವ್ವ ಕೈ ಹಿಡಿದಳು. ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ವೈನಿ ಜೋಡನ್ನು ತಂದು ಅವನ ಮುಂದಿಟ್ಟಳು.

ಹನ್ನೆರಡರ ಭೋಂಗಾ ಆಯಿತು. ಒಂದು ಗಂಟೆಯಾಯಿತು. ಎರಡಕ್ಕೆ ಪುರಸಭೆಯ ಜವಾನ ಸೈಕಲ್ ಮೇಲೆ ಬಂದು, ಆರು ಮಾರು ದೂರ ನಿಂತು, ಕಾಗದ ಓದಿದ. ಸದರಿ ಗುರಸಿದ್ಧ ಎಂಬವರು ಅಳತೆ ಮೀರಿದ ಪಾದಗಳೊಂದಿಗೆ ಕೆರೆಯ ಬಳಿ ಸಿಕ್ಕಿದ್ದಾರೆ. ಹದಿನಾಲ್ಕು ದಿನ ಶಾಲೆಯಲ್ಲಿ ಇರತಕ್ಕದ್ದು. ಜೋಡು ಜಪ್ತಾಗಿದೆ. ಹೊಸ ಜೋಡು ಬೇಕಾದವರು ಜೋಡು ಮೆಟ್ಟಿಕೊಂಡು ಖುದ್ದಾಗಿ ಕಚೇರಿಗೆ ಬಂದು ಅರ್ಜಿ ಕೊಡತಕ್ಕದ್ದು. ಆ ಕೊನೆಯ ಸಾಲಿನ ಮೊಳೆಯನ್ನೂ ನಾನೇ ಜೋಡಿಸಿದ್ದೆ, ಅದರ ಅರ್ಥ ಮಾತ್ರ ಆಗ ತಿಳಿಯಿತು. ಜವಾನ ನಮ್ಮ ಕದದ ಮೇಲೆ ಸುಣ್ಣದಿಂದ ಕತ್ತರಿ ಗುರುತು ಹಾಕಿ ಹೋದ. ಗುರುತಿದ್ದ ಮನೆಗೆ ಏನಾದರೂ ತಂದುಕೊಟ್ಟವರ ಜೋಡೂ ಜಪ್ತಾಗುತ್ತಿತ್ತು. ಎದುರುಮನೆಯ ಅಜ್ಜ ಆ ಗುರುತು ನೋಡಿ ಮೊಮ್ಮಗಳನ್ನು ಒಳಗೆಳೆದುಕೊಂಡು ಬಾಗಿಲು ಮುಚ್ಚಿದ. ಅವನ ತಪ್ಪೆಂದು ನನಗೆ ಅನ್ನಿಸಲಿಲ್ಲ.

ಜೋಳ, ಅಕ್ಕಿ, ಬೇಳೆ ಹದಿನೈದು ದಿನಕ್ಕೆ ಸಾಕಾಗುವಷ್ಟಿತ್ತು. ಇಲ್ಲದ್ದು ಅವ್ವನ ಗುಳಿಗೆ. ದಿನಕ್ಕೆ ಎರಡು ತೆಗೆದುಕೊಳ್ಳಬೇಕಾದವಳು ಒಂದಕ್ಕೆ ಇಳಿಸಿದಳು, ಆಮೇಲೆ ಅರ್ಧಕ್ಕೆ. ಆರನೆಯ ದಿನ ಬೆಳಿಗ್ಗೆ ಕೊನೆಯ ಅರ್ಧ ನುಂಗಿ ಖಾಲಿ ಪೊಟ್ಟಣವನ್ನು ನನ್ನ ಕೈಗಿಟ್ಟಳು. ಗೋಡೆಗೆ ಒರಗಿ ಕೂತೇ ಇದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಎದೆಯೊಳಗೆ ಹಳೆಯ ಬಾಗಿಲು ಕಿರುಗುಟ್ಟಿದಂಥ ಸದ್ದು. ನಾನು ಕಿಟಕಿಯಿಂದ ಕೂಗಿ ಯಾರನ್ನಾದರೂ ಕರೆಯಲೇ, ಶಾಲೆಗೆ ಒಯ್ದರೂ ಸರಿ ಬರಿಗಾಲಲ್ಲೇ ಓಡಲೇ ಎಂದು ಒಳಗೂ ಹೊರಗೂ ಅಡ್ಡಾಡಿದೆ. ವೈನಿ ಅಡ್ಡಾಡಲಿಲ್ಲ. ಅರಿಸಿನದ ಕೊಂಬುಗಳನ್ನು ತಂದು ಕಲ್ಲಿನ ಮೇಲಿಟ್ಟು ಕುಟ್ಟತೊಡಗಿದಳು. ಏನು ಮಾಡುತ್ತಿದ್ದೀರಿ ಎಂದೆ. ಕುಟ್ಟಿದ್ದನ್ನು ಔಡಲೆಣ್ಣೆಯಲ್ಲಿ ಗಟ್ಟಿಯಾಗಿ ಕಲಸಿ, ತನ್ನ ಪಾದದ ಸುತ್ತ ನೆಲಕ್ಕೆ ತಾಗುವ ಅಂಚಿನವರೆಗೆ ಬಳಿದುಕೊಂಡಳು. ಅದರ ಮೇಲೆ ಕಾಡಿಗೆಯಿಂದ ಪಟ್ಟಿ ಎಳೆದಳು. ಎರಡು ಹೆಜ್ಜೆ ಹಿಂದೆ ಸರಿದು ನೋಡಿದೆ. ಬರಿಗಾಲೆಂದು ಗೊತ್ತಿತ್ತು, ಆದರೂ ಕಣ್ಣಿಗೆ ಚಪ್ಪಲಿಯೇ ಕಾಣುತ್ತಿತ್ತು.

“ಕೋಲು ಹಿಡಿದು ಅಳಿಯೂದು ಚೌಕದಾಗ ಅಷ್ಟ,” ಎಂದಳು ವೈನಿ. “ಉಳಿದ ಕಡೆ ಎಲ್ಲಾ ಆರು ಮಾರು ದೂರ ನಿಂತು ಬಣ್ಣ ನೋಡತಾರ. ಚೌಕ ಬಿಟ್ಟು ದವಾಖಾನಿಗೆ ಹೋಗೂ ದಾರಿ ನನಗ ಗೊತ್ತೈತಿ.”

ಆದರೆ ದವಾಖಾನೆಯಲ್ಲಿ ಈಗ ಗುಳಿಗೆ ಬೇಕಾದರೆ ಅರ್ಜಿ ಬರೆದು ಕೊಡಬೇಕಿತ್ತು, ಅಲ್ಲೇ, ಕಂಪೌಂಡರನ ಕಣ್ಣೆದುರು. ಅದು ವೈನಿಯಿಂದ ಆಗದು. ದಾರಿ ನನ್ನಿಂದ ಆಗದು. ಓಣಿಗಳಿಗೆಲ್ಲ ಬಿದಿರು ಕಟ್ಟಿ, ನನಗೆ ಗೊತ್ತಿದ್ದ ಊರನ್ನು ಅವರು ಬೇರೆ ಊರು ಮಾಡಿದ್ದರು. ನಾವಿಬ್ಬರೂ ಅವ್ವನ ಮುಖ ನೋಡಿದೆವು. ಅವ್ವ ಒಂದೊಂದೇ ಶಬ್ದವನ್ನು ಉಸಿರಿನ ನಡುವೆ ತೂರಿಸಿ ಹೇಳಿದಳು: “ಇಬ್ಬರೂ ಹೋಗ್ರಿ. ಒಬ್ಬಾಕಿ ಸಿಕ್ಕರ, ಇನ್ನೊಬ್ಬಾಕಿ ನಿಲ್ಲಬ್ಯಾಡ್ರಿ.”

ವೈನಿ ನನ್ನ ಉದ್ದ ಪಾದಗಳಿಗೂ ಬಳಿದಳು. ಹತ್ತರ ಭೋಂಗಾ ಆದ ಮೇಲೆ ಹಿತ್ತಲ ಗೋಡೆ ದಾಟಿದೆವು. ಅವಳು ಮುಂದೆ, ನಾನು ಆರು ಮಾರು ಹಿಂದೆ, ಬೇರೆ ಬೇರೆ ಮನೆಯವರಂತೆ. ಸುಣ್ಣದ ಓಣಿಯ ಹಾಸುಗಲ್ಲುಗಳು ಆಗಲೇ ಕಾದಿದ್ದವು. ಮೂರನೆಯ ಹೆಜ್ಜೆಗೇ ಅಂಗಾಲು ಚುರ್ ಎಂದಿತು. ಜೋಡು ಮೆಟ್ಟಿದವರು ಕುಪ್ಪಳಿಸುವುದಿಲ್ಲ, ನೆರಳಿಗೆ ಓಡುವುದಿಲ್ಲ, ಓಡಿದರೆ ಮುಗಿಯಿತು. ಮುಂದೆ ವೈನಿ ಸಂತೆಗೆ ಹೊರಟವಳಂತೆ, ಚೀಲ ಬೀಸುತ್ತ, ಒಂದೇ ನಡಿಗೆಯಲ್ಲಿ ಹೋಗುತ್ತಿದ್ದಳು. ಹುಡುಗಿಯಾಗಿದ್ದಾಗ ಗುಡ್ಡದ ಕಲ್ಲಿನ ಮೇಲೆ ದನ ಕಾದ ಕಾಲು ಅವಳದು. ನಾನು ಹಲ್ಲು ಕಚ್ಚಿ ಅವಳ ಬೆನ್ನನ್ನೇ ನೋಡುತ್ತ ನಡೆದೆ. ಸ್ವಲ್ಪ ದೂರ ಹೋದ ಮೇಲೆ ಕಂಡಿತು: ಅವಳ ಪ್ರತಿ ಹೆಜ್ಜೆಯ ಹಿಂದೆ ಕಲ್ಲಿನ ಮೇಲೆ ಹಳದಿ ಪಾದ ಮೂಡುತ್ತಿತ್ತು, ಐದು ಬೆರಳುಗಳ ಸಮೇತ. ಕೂಗಿ ಹೇಳುವಂತಿಲ್ಲ. ಸೀರೆಯ ಅಂಚನ್ನು ಇಳಿಬಿಟ್ಟು ಅವನ್ನು ಒರೆಸುತ್ತ ನಡೆದೆ. ನನ್ನ ಹೆಜ್ಜೆಗಳನ್ನು ಒರೆಸುವವರು ಹಿಂದೆ ಯಾರೂ ಇರಲಿಲ್ಲ.

ದವಾಖಾನೆಗೆ ಹೋಗುವ ಆ ದಾರಿ ಶಾಲೆಯ ಪಕ್ಕದಲ್ಲೇ ಹಾಯುತ್ತಿತ್ತು. ಅದನ್ನು ವೈನಿ ನನಗೆ ಹೇಳಿರಲಿಲ್ಲ. ಗೇಟಿನ ನೆರಳಲ್ಲಿ ದ್ಯಾಮಣ್ಣನೆಂಬ ಕಾವಲಿನವ ಸ್ಟೂಲಿನ ಮೇಲೆ ಕೂತಿದ್ದ. ಮೊದಲು ನಮ್ಮ ಓಣಿಯಲ್ಲೇ ಕಾವಲಿದ್ದವ, ವೈನಿಯ ಪಾದ ಬಲ್ಲವ, ನಮ್ಮ ಜೋಡು ಜಪ್ತಾದದ್ದೂ ಗೊತ್ತಿದ್ದವ. ಮೇಲೆ ಕಿಟಕಿಯ ಸರಳುಗಳ ಹಿಂದೆ ಒಂದು ಸಾಲು ಮುಖಗಳು. ಅವುಗಳಲ್ಲಿ ಒಂದು ಅಣ್ಣನದು. ಅವನು ಮೊದಲು ವೈನಿಯನ್ನು ನೋಡಿದ, ಆಮೇಲೆ ಅವಳ ಕಾಲುಗಳನ್ನು, ಆಮೇಲೆ ನನ್ನನ್ನು. ಎರಡೂ ಕೈಯಿಂದ ಸರಳು ಹಿಡಿದುಕೊಂಡ. ಮನೆಯಲ್ಲಿ ಅರ್ಧ ತಾಸಿನ ಲೆಕ್ಕ ಕೇಳುತ್ತಿದ್ದಾಗ ಇದ್ದ ಅದೇ ಮುಖ. ಈಗ ಹೆಸರು ಹಿಡಿದು ಕೂಗುತ್ತಾನೆ ಎಂದುಕೊಂಡೆ. ದ್ಯಾಮಣ್ಣ ಆಕಳಿಸಿ, ತಲೆ ಇತ್ತ ತಿರುಗಿಸತೊಡಗಿದ. ಆಗ ಅಣ್ಣ ಮೇಲಿಂದ ಅವನನ್ನು ಕರೆದು ಕುಡಿಯಲು ನೀರು ಕೇಳಿದ. ಬೆಳಗಿನಿಂದ ಎಷ್ಟು ಸಲ ಕೇಳುತ್ತೀ ಎಂದು ಗೊಣಗುತ್ತ ದ್ಯಾಮಣ್ಣ ಒಳಗೆ ಗಡಿಗೆಯ ಕಡೆ ಹೋದ. ವೈನಿ ನಡಿಗೆ ಬದಲಿಸಲಿಲ್ಲ, ಮೇಲೆಯೂ ನೋಡಲಿಲ್ಲ. ನಾವು ಗೇಟು ದಾಟಿದೆವು.

ದವಾಖಾನೆಯ ಕಿಟಕಿ ತಗ್ಗಿನಲ್ಲಿತ್ತು. ವೈನಿ ಬೇವಿನ ಬುಡದಲ್ಲಿ ನಿಂತಳು. ನಾನು ಹೋಗಿ ಅರ್ಜಿ ಬರೆದೆ. ಮುದುಕ ಕಂಪೌಂಡರ ಕನ್ನಡಕ ಸರಿಮಾಡಿ ಅರ್ಜಿ ಓದಿದ, ಎದ್ದು ಕಿಟಕಿಯಿಂದ ಬಗ್ಗಿ ನನ್ನ ಕಾಲು ನೋಡಿದ. ಬೆವರಿಗೆ ಕಾಡಿಗೆಯ ಪಟ್ಟಿ ಕರಗಿ ಬೆರಳ ಸಂದಿಯಲ್ಲಿ ಇಳಿದಿತ್ತು. ಅಂಗಾಲಲ್ಲಿ ಬೊಬ್ಬೆ ಎದ್ದದ್ದರಿಂದ ಒಂದು ಕಾಲನ್ನು ಇನ್ನೊಂದರ ಮೇಲೆ ಇಟ್ಟುಕೊಂಡು ನಿಂತಿದ್ದೆ. ಅವನು ಒಳಗೆ ಹೋಗಿ, ನಾನು ಬರೆದದ್ದಕ್ಕಿಂತ ಎರಡು ಪೊಟ್ಟಣ ಹೆಚ್ಚೇ ಗುಳಿಗೆ ಕಟ್ಟಿಕೊಂಡು ಬಂದ.

“ನಿನ್ನ ಜೋಡು ಸವದಾವಲ್ಲವಾ ತಂಗಿ,” ಎಂದ. “ನೆಳ್ಳ ಹಿಡದು ಹೋಗು.”

ತಿರುಗಿ ಬರುವಾಗ ಶಾಲೆಯ ದಾರಿ ಬಿಟ್ಟು ಕೆರೆಯ ಕಡೆಯಿಂದ ಬಳಸಿದೆವು. ಆ ಹೊತ್ತಿಗೆ ಅಲ್ಲಿ ಕಾವಲಿನವನೂ ಇರಲಿಲ್ಲ. ನೀರಿಗಿಳಿಯುವ ಏಳೆಂಟು ಮೆಟ್ಟಿಲು, ಒಂದು ಬೇಲಿ, ನೀರಿನ ಮೇಲೆ ಬಿಸಿಲು. ಇಷ್ಟು ಹೊತ್ತು ಒಂದೇ ಸಮ ನಡೆದಿದ್ದ ವೈನಿಯ ಹೆಜ್ಜೆ ಅಲ್ಲಿ ತುಸು ನಿಧಾನವಾಯಿತು, ಆ ಮೆಟ್ಟಿಲುಗಳ ಕಡೆ ಒಂದು ಸಲ ನೋಡಿ ಮತ್ತೆ ಮೊದಲಿನಂತೆ ನಡೆದಳು. ಅಣ್ಣ ಹುಡುಕಿಕೊಂಡು ಹೋಗಿ ಸಿಕ್ಕಿಬಿದ್ದ ಅರ್ಧ ತಾಸು ಅಲ್ಲಿದೆ ಎಂದು ನನಗೆ ಆಗ ತಿಳಿಯಿತು. ಇಷ್ಟೇನಾ ಎನಿಸಿತು. ನಾನು ಏನೇನೋ ಊಹಿಸಿದ್ದೆ.

ಮನೆ ಸೇರಿದಾಗ ಅವ್ವನ ತುಟಿ ನೀಲಿಗಟ್ಟಿತ್ತು. ಗುಳಿಗೆ ಕೊಟ್ಟು, ಬೆನ್ನು ತಿಕ್ಕುತ್ತ ಕೂತೆವು. ಇಳಿಹೊತ್ತಿಗೆ ಉಸಿರು ಸಡಿಲಾಯಿತು, ಚಹ ಕೇಳಿದಳು. ವೈನಿ ಚಹ ಮಾಡಿ ಕೊಟ್ಟು, ನನ್ನ ಅಂಗಾಲಿಗೆ ಲೋಳಸರದ ತಿರುಳು ಹಚ್ಚಿ ಬಟ್ಟೆ ಕಟ್ಟಿದಳು. ನಮ್ಮ ಮನೆಯ ನೆಲದ ಮೇಲೆ ಹಳದಿ ಹೆಜ್ಜೆಗಳು ಮೂರು ದಿನ ಹೋಗಲಿಲ್ಲ.

ಹದಿನಾಲ್ಕು ದಿನ ಮುಗಿಸಿ ಅಣ್ಣ ಬಂದಾಗ ಅವನ ಕಾಲಲ್ಲಿ ಹೊಸ ಹಳದಿ ಜೋಡಿತ್ತು. ಬಿಡುವಾಗ ಅವನ ಅಳತೆ ತೆಗೆದುಕೊಂಡೇ ಕೊಟ್ಟಿದ್ದರು. ಗಡ್ಡ ಬಂದಿತ್ತು, ಕೊರಳು ತೆಳ್ಳಗಾಗಿತ್ತು. ಶಾಲೆಯ ಕಿಟಕಿಯಿಂದ ಕಂಡದ್ದನ್ನು ಅವನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಊಟವಾದ ಮೇಲೆ ವೈನಿ ಎಲೆ ಎತ್ತಲು ಬಗ್ಗಿದಾಗ ಮೆಲ್ಲಗೆ ಕೇಳಿದ. ಅವಳು ದಿನವೂ ಮೆಟ್ಟಿಲ ಮೇಲೆ ಕೂಡುತ್ತಿದ್ದುದನ್ನು ಕೆರೆಯ ಕಾವಲಿನವ ತನಗೆ ಹೇಳಿದನೆಂದ. ಅಲ್ಲಿ ಯಾರು ಬರುತ್ತಿದ್ದರು, ಏನು ಮಾಡುತ್ತಿದ್ದೆ ಎಂದ.

“ಯಾರೂ ಇಲ್ಲರಿ. ಸುಮ್ಮನ ಕುಂತಿರತಿದ್ದೆ.”

“ಸುಮ್ಮನ ಅಂದರ?”

“ಸುಮ್ಮನ.”

“ಕೂಡಾಕ ಮನ್ಯಾಗ ಜಾಗಾ ಇದ್ದಿಲ್ಲೇನು?”

ವೈನಿ ಕೈಯಲ್ಲಿನ ಎಲೆಗಳನ್ನು ಮಡಚಿದಳು. ಅವನನ್ನು ಚುಚ್ಚಬೇಕೆಂದು ಹೇಳಿದ ಮಾತಲ್ಲ ಅದು. ನಿಜವಾಗಿ ನೆನಪು ಮಾಡಿಕೊಂಡು ಹೇಳಿದಳು. “ಮನ್ಯಾಗ ನಾ ಎಲ್ಲೆ ಕುಂತಿದ್ದೆ ಹೇಳ್ರಿ ನೋಡೂಣು.”

ಅಣ್ಣ ಮನೆಯ ಸುತ್ತ ಒಂದು ಸಲ ಕಣ್ಣಾಡಿಸಿದ. ಅವ್ವನ ಗೋಡೆ, ತನ್ನ ಕುರ್ಚಿ, ನನ್ನ ಕಿಟಕಿ.

ಮರುದಿನದಿಂದ ಹೊರಗಿನ ಮನುಷ್ಯ ಅವನಾದ. ಚಡಪಡಿಕೆ ವೈನಿಯ ಪಾಲಿಗೆ ಬಂತು. ಅವಳು ಅಣ್ಣನಂತೆ ನಡೆದಾಡುವವಳಲ್ಲ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹತ್ತರ ಭೋಂಗಾ ಕೂಗಿದೊಡನೆ ಕೈಯಲ್ಲಿದ್ದುದನ್ನು ಹಿಡಿದುಕೊಂಡೇ ನಿಂತುಬಿಡುತ್ತಿದ್ದಳು. ರೊಟ್ಟಿ ಸೀದ ವಾಸನೆ ಬರುತ್ತಿತ್ತು. ಎಂಟು ದಿನ ಅಣ್ಣ ಇದನ್ನು ನೋಡಿದ. ಒಂಬತ್ತನೆಯ ದಿನ ಅವನೇ ಹನ್ನೆರಡರ ಭೋಂಗಾ ಕೂಗುವ ಹೊತ್ತಿಗೆ ಬಂದ. ಚೀಲ ಇಳಿಸಿ, ತಪ್ಪು ಮಾಡಿದವನಂತೆ ಹೇಳಿದ: “ಇವತ್ತ ನಿನ್ನ ಆ ಕೆರಿಗೆ ಹೋಗಿದ್ದೆ. ಅರ್ಧ ತಾಸು ಕುಂತೆ. ನನಗೇನೂ ಆಗಲಿಲ್ಲ. ಯಾವಾಗ ಎದ್ದೇನೋ ಅನಸ್ತು.”

“ಯಾವ ಪಾವಟಿಗಿ ಮ್ಯಾಲ ಕುಂತ್ರಿ?” ವೈನಿ ಆ ಮೆಟ್ಟಿಲುಗಳನ್ನು ನೆನೆದು ಕೇಳಿದಳು.

“ಮ್ಯಾಲಿಂದರ ಮ್ಯಾಲ.”

“ಕೆಳಗಿಂದರ ಮ್ಯಾಲ ಕೂಡಬೇಕರಿ. ಮ್ಯಾಲ ಕುಂತರ ರಸ್ತಾ ಕಾಣತೈತಿ. ರಸ್ತಾ ಕಂಡರ ಎದ್ದು ಹೋಗಬೇಕನಸತೈತಿ.”

ಅಣ್ಣ ತಲೆ ಆಡಿಸಿದ. ಮರುದಿನವೂ ಹೋಗಿ ಕೂತನೋ ಇಲ್ಲವೋ ಗೊತ್ತಿಲ್ಲ. ಆದರೆ ಅಲ್ಲಿಂದ ಮುಂದೆ, ಇವತ್ತು ನೀರು ಒಂದು ಮೆಟ್ಟಿಲು ಇಳಿದಿದೆ, ಇವತ್ತು ಕೊಕ್ಕರೆ ಬಂದಿದ್ದವು ಎಂದು ಅವಳಿಗೆ ಬಂದು ಹೇಳುತ್ತಿದ್ದ. ಕೊಕ್ಕರೆ ಎಷ್ಟಿದ್ದವು ಎಂದು ಅವಳು ಕೇಳಿದರೆ ತಬ್ಬಿಬ್ಬಾಗುತ್ತಿದ್ದ.

ಜಡ್ಡು ಸುಗ್ಗಿಯ ಹೊತ್ತಿಗೆ ಇಳಿಯಿತು. ಆಜ್ಞೆ ಹಿಂತೆಗೆದ ದಿನ ಊರೆಲ್ಲ ಒಟ್ಟಿಗೆ ಬೀದಿಗೆ ಬಿತ್ತು. ಜನ ಕಾರಣವಿಲ್ಲದೆ ಈ ತುದಿಯಿಂದ ಆ ತುದಿಗೆ ನಡೆದರು, ಗುರುತಿಲ್ಲದವರ ಹೆಗಲ ಮೇಲೂ ಕೈ ಹಾಕಿದರು. ನಾನು ಬೆಳಿಗ್ಗೆ ಹೋದವಳು ಮಧ್ಯಾಹ್ನವೇ ಬಂದದ್ದು. ಅಣ್ಣ ತಕ್ಕಡಿಯ ಹತ್ತಿರ ಹೋಗಿ, ತೂಗಲು ಏನೂ ಇಲ್ಲದಿದ್ದರೂ, ಅದರ ಸರಪಳಿ ಒರೆಸಿ ಬಂದನಂತೆ. ವೈನಿ ಆ ದಿನವೆಲ್ಲ ಒಳಗೇ ಇದ್ದಳು. ಗದ್ದಲ ಇಳಿಯಲಿ ಎಂದಳು. ವಾರ ಕಳೆಯಿತು, ಊರು ಮೊದಲಿನ ಹಾಗೆ ನಡೆಯತೊಡಗಿತು. ಕಾಯಿಪಲ್ಲೆ ಮತ್ತೆ ಅಣ್ಣ ತರತೊಡಗಿದ, ಉಳಿದದ್ದು ನಾನು. ವೈನಿಗೆ ಹೊರಗೆ ಕೆಲಸವೇನೂ ಉಳಿಯಲಿಲ್ಲ.

ಎಂಟನೆಯ ದಿನ ನಾನು ಛಾಪಖಾನೆಯಿಂದ ಬೇಗ ಬಂದಿದ್ದೆ. ಬಿಸಿಲು ಇಳಿಯುವ ಹೊತ್ತು. ವೈನಿ ಹಿಟ್ಟಿನ ಡಬ್ಬಿ ತೆಗೆದು ಒಲೆಯ ಪಕ್ಕ ಇಟ್ಟಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು, ನಡುಮನೆಗೆ ಬಂದು ಅವ್ವನಿಗೆ ಬರುತ್ತೇನೆ ಎಂದಳು. ಕೇಳುವ ದನಿಯಲ್ಲ, ತಿಳಿಸುವ ದನಿ. ಅವ್ವ ಗೋಡೆಗೆ ಒರಗಿದ್ದವಳು ತಲೆಯೆತ್ತಿದಳು.

“ಏನ್ ತರಾಕ? ಮನ್ಯಾಗ ಎಲ್ಲಾ ಐತೆಲ್ಲ.”

“ಹೌದ್ರಿ ಅತ್ತೀ, ಎಲ್ಲಾ ಐತಿ. ಏನೂ ತರೂದಿಲ್ಲ.”

ಅವ್ವ ಅವಳ ಮುಖ ನೋಡಿದಳು. ವೈನಿ ಬಾಗಿಲ ಕಡೆ ತಿರುಗಿದಳು. ಹೊರಗೆ ಕಟ್ಟೆಯ ಮೇಲೆ ಅಣ್ಣ ಬಾಗಿಲಿಗೆ ಅಡ್ಡವಾಗಿ ಕಾಲು ಚಾಚಿ ಕೂತಿದ್ದ. ಮಾತೆಲ್ಲ ಅವನಿಗೆ ಕೇಳಿಸಿತ್ತು. ಅವನು ಕಾಲು ಮಡಚಿಕೊಂಡ. ವೈನಿ ಅವನನ್ನು ದಾಟಿ ಇಳಿದು, ಓಣಿಯ ತಿರುವಿನಲ್ಲಿ ಕಾಣದಾದಳು. ಅವ್ವ ನನ್ನ ಕಡೆ ತಿರುಗಿ, ಒಲೆ ಹೊತ್ತಿಸು ಎಂದಳು. ರೊಟ್ಟಿ ಬಡಿದು ನನಗೆ ಒಂಬತ್ತು ವರ್ಷದ ಮೇಲಾಗಿತ್ತು. ಮೊದಲನೆಯದು ತವೆಗೆ ಹಾಕುವಾಗಲೇ ಹರಿಯಿತು, ಎರಡನೆಯದು ಒಂದು ಕಡೆ ದಪ್ಪವಾಯಿತು. ಅಣ್ಣ ಒಳಗೆ ಬಂದು ತಾಟು ಹಾಕಿಕೊಂಡು ಕೂತ. ಹರಿದದ್ದನ್ನು ಎರಡು ತುಂಡು ಜೋಡಿಸಿ ಅವನ ತಾಟಿಗೆ ಹಾಕಿದೆ. ಅವನು ಅದನ್ನು ತಿಂದು, ಇನ್ನೊಂದು ಹಾಕು ಎಂದ.